ಯುದ್ಧಕಾಲದ ರಿಚ್ಮಂಡ್: ಹಿಮ ಬಿದ್ದ ವಾರ ಮನೆಗೆ ಹಿಟ್ಟು ಎಲ್ಲಿಂದ ಬರಬೇಕು?

ಜೇಮ್ಸ್ ದಂಡೆ

ಗೆಳೆಯರೇ, ಈ ಸಲದ ವಿಷಯ ನಾನಿರುವ ಊರಿನ ಕಡೆಯದು. ಅಮೆರಿಕದ ವರ್ಜೀನಿಯಾದ ರಿಚ್ಮಂಡ್. ಇಲ್ಲಿ ಗ್ಲೆನ್ ಆಲನ್, ಶಾರ್ಟ್ ಪಂಪ್ ಸುತ್ತ ಕನ್ನಡದವರು ಬಹಳ ಮಂದಿ ಇದ್ದಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಕ್ಯಾಪಿಟಲ್ ಸ್ಕ್ವೇರ್ ತೋರಿಸುತ್ತೇವೆ, ನದಿ ತೋರಿಸುತ್ತೇವೆ. 1861ರಿಂದ 65ರ ಅಮೆರಿಕದ ಅಂತರ್ಯುದ್ಧದಲ್ಲಿ ಇದು ದಕ್ಷಿಣದವರ ರಾಜಧಾನಿ ಆಗಿತ್ತು ಅಂತ ಒಂದು ಮಾತು ಹೇಳುತ್ತೇವೆ. ಆಮೇಲೆ ಮಾತು ದಕ್ಷಿಣದ ಸೇನಾಪತಿ ಲೀ, ಉತ್ತರದ ಸೇನಾಪತಿ ಗ್ರಾಂಟ್, ಅಧ್ಯಕ್ಷ ಲಿಂಕನ್ ಕಡೆ ಹೊರಳುತ್ತದೆ. ಆ ನಾಲ್ಕು ವರ್ಷ ಇಲ್ಲಿ ಸಂಸಾರ ಮಾಡಿದವರು ಏನು ತಿಂದರು, ಚಳಿಗೆ ಏನು ಉರಿಸಿದರು, ನಾಲ್ಕು ದಿನ ಮಳೆ ಹಿಡಿದರೆ ಸಂತೆ ಏನಾಗುತ್ತಿತ್ತು ಅಂತ ಯಾರೂ ಕೇಳುವುದಿಲ್ಲ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಆ ಊರಿನಲ್ಲಿ ಹವೆ ಕೆಟ್ಟಾಗಲೆಲ್ಲ ಹಸಿವು ಬಾಗಿಲಿಗೆ ಬರುತ್ತಿತ್ತು. ಎಲ್ಲರ ಬಾಗಿಲಿಗೂ ಒಂದೇ ಥರ ಬರುತ್ತಿರಲಿಲ್ಲ.

ಮೊದಲು ಊರು ಹೇಗಿತ್ತು ಅಂತ ಹೇಳುತ್ತೇನೆ. 1860ರ ಜನಗಣತಿಯಲ್ಲಿ ಇಲ್ಲಿ ಸುಮಾರು 38,000 ಜನ ಇದ್ದರು. 1861ರ ಮೇ ತಿಂಗಳಲ್ಲಿ ಕಾನ್ಫೆಡರಸಿಯ, ಅಂದರೆ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಕೂಟದ, ರಾಜಧಾನಿ ಅಲಬಾಮಾದ ಮಾಂಟ್ಗೊಮರಿಯಿಂದ ಇಲ್ಲಿಗೆ ಬಂತು. ಹಿಂದೆಯೇ ಗುಮಾಸ್ತರು, ಸೈನಿಕರು, ಗಾಯಾಳುಗಳು, ಕೈದಿಗಳು, ಊರು ಬಿಟ್ಟು ಓಡಿ ಬಂದವರು ಎಲ್ಲರೂ ಬಂದರು. ಜನಸಂಖ್ಯೆ ಒಂದು ಲಕ್ಷ ದಾಟಿತು. ಮನೆ ಬಾಡಿಗೆ ಆಕಾಶಕ್ಕೆ ಹೋಯಿತು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ.

ಸಾಮಾನು ಬರುವುದಕ್ಕೆ ಐದು ರೈಲು ದಾರಿ ಇದ್ದವು, ಪಶ್ಚಿಮದ ಹಳ್ಳಿಗಳಿಂದ ಜೇಮ್ಸ್ ನದಿಯ ಪಕ್ಕದ ಕಾಲುವೆ ಇತ್ತು, ಸುತ್ತಲಿನ ರೈತರ ಗಾಡಿಗಳಿದ್ದವು. ಕಾಗದದ ಮೇಲೆ ಇಷ್ಟು ಸಾಕು. ಆದರೆ ರೈಲಿನಲ್ಲಿ ಮೊದಲ ಪಾಲು ಸೈನ್ಯದ್ದು. ಸಮುದ್ರದ ದಾರಿಯನ್ನು ಉತ್ತರದ ನೌಕಾಪಡೆ ಮುಚ್ಚಿತ್ತು. ಜನರ ಅಡಿಗೆಮನೆಗೆ ಉಳಿದದ್ದು ಹೆಚ್ಚುಕಡಿಮೆ ಕಾಲುವೆ ಮತ್ತು ರೈತರ ಗಾಡಿ. ಕಾಲುವೆ ಚಳಿಗೆ ಹೆಪ್ಪುಗಟ್ಟುತ್ತದೆ, ನೆರೆ ಬಂದರೆ ಒಡೆಯುತ್ತದೆ. ಗಾಡಿ ಕೆಸರಿನಲ್ಲಿ ಹೂಳುತ್ತದೆ.

1863ರ ಮಾರ್ಚ್ ತಿಂಗಳೊಂದನ್ನೇ ನೋಡಿ. ಮಾರ್ಚ್ 13ರ ಶುಕ್ರವಾರ ನದಿಯೊಳಗಿನ ಬ್ರೌನ್ಸ್ ಐಲೆಂಡಿನಲ್ಲಿದ್ದ ಮದ್ದುಗುಂಡಿನ ಕಾರ್ಖಾನೆ ಸಿಡಿಯಿತು. ಸತ್ತವರು 40ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಹುಡುಗಿಯರು, ಹತ್ತು ಹನ್ನೆರಡು ವರ್ಷದವರೂ ಇದ್ದರು. ಮನೆಯಲ್ಲಿ ದುಡಿಯುವ ಗಂಡಸು ಯುದ್ಧಕ್ಕೆ ಹೋಗಿದ್ದರಿಂದ ತೋಟಾ ಕಟ್ಟುವ ಕೆಲಸಕ್ಕೆ ಬಂದವರು. ಅದಾಗಿ ಒಂದು ವಾರ ತುಂಬುವುದರೊಳಗೆ, 19 ಮತ್ತು 20ನೇ ತಾರೀಖು ಭಾರಿ ಹಿಮ ಬಿತ್ತು. ಎಂಟು ಇಂಚಿಗೂ ಮೇಲೆ. ಮಾರ್ಚ್ ಕೊನೆ ಅಂದರೆ ಇಲ್ಲಿ ಬಿಸಿಲು ಏರುವ ಕಾಲ, ಹಿಮ ಬೇಗ ಕರಗಿತು. ಹಿಮ ಬಿದ್ದಿದ್ದಕ್ಕಿಂತ ಕರಗಿದ್ದೇ ದೊಡ್ಡ ತೊಂದರೆ. ಇಲ್ಲಿಯದು ಕೆಂಪು ಜೇಡಿ ಮಣ್ಣು. ಇಂದಿಗೂ ಮನೆ ಹಿಂದಿನ ಹಿತ್ತಲಲ್ಲಿ ಒಂದು ಮಳೆಗೆ ಬೂಟು ಕಿತ್ತುಕೊಳ್ಳುತ್ತದೆ. ಅಂದು ಗಾಡಿಯ ಅಚ್ಚಿನ ತನಕ ಕೆಸರು, ರೈತರು ಊರಿಗೆ ಬರಲಿಲ್ಲ.

ಬರಬಹುದಾಗಿದ್ದವರೂ ಬರಲಿಲ್ಲ. ದಾರಿಯಲ್ಲಿ ಸೈನ್ಯದವರು ತಾವು ಹೇಳಿದ ಬೆಲೆಗೆ ಕಾಳು, ಕುದುರೆ, ಗಾಡಿ ಹಿಡಿದುಕೊಳ್ಳುತ್ತಿದ್ದರು. ಅದಕ್ಕೆ ಕಾನೂನಿನ ಬಲ ಸಿಕ್ಕಿದ್ದೂ ಅದೇ ಮಾರ್ಚ್ 26ಕ್ಕೆ. ಮಾರನೇ ದಿನ, 27ಕ್ಕೆ, ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹೇಳಿಕೆಯಂತೆ ಇಡೀ ದೇಶಕ್ಕೆ ಉಪವಾಸ ಮತ್ತು ಪ್ರಾರ್ಥನೆಯ ದಿನ. ಒಲೆಯ ಮೇಲೆ ಇಡುವುದಕ್ಕೆ ಏನೂ ಇಲ್ಲದ ಮನೆಗೆ ಉಪವಾಸ ಮಾಡಿ ಅಂದರೆ ಆ ತಾಯಿಗೆ ಹೇಗಾಗಿರಬೇಕು, ಹೇಳಿ.

ಏಪ್ರಿಲ್ 2ರ ಗುರುವಾರ ಬೆಳಿಗ್ಗೆ ಊರಿನ ಒರೆಗಾನ್ ಹಿಲ್ ಬಡಾವಣೆಯ ಕಡೆಯ ಹೆಂಗಸರು ವರ್ಜೀನಿಯಾದ ಗವರ್ನರ್ ಮನೆಗೆ ಹೊರಟರು. ಹಿಂದಿನ ದಿನ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿ ಮಾತಾಡಿಕೊಂಡಿದ್ದರು. ಮುಂದೆ ನಿಂತವರಲ್ಲಿ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಮೇರಿ ಜ್ಯಾಕ್ಸನ್ ಒಬ್ಬಳು. ಮಗ ಸೈನ್ಯದಲ್ಲಿದ್ದ. ಗವರ್ನರ್ ಜಾನ್ ಲೆಚರ್ ಮಾತಿನಿಂದ ಏನೂ ಆಗಲಿಲ್ಲ. ಗುಂಪು ಅಂಗಡಿ ಬೀದಿಗೆ ಇಳಿಯಿತು. ಕೊಡಲಿ, ಸುತ್ತಿಗೆ ಹಿಡಿದವರಿದ್ದರು. ಬೇಕನ್ (ಉಪ್ಪು ಹಾಕಿ ಇಟ್ಟ ಹಂದಿ ಮಾಂಸ), ಹಿಟ್ಟು, ಬೂಟು ಸಿಕ್ಕಿದ್ದನ್ನು ಹೊತ್ತರು. ಡೇವಿಸ್ ಬಂದು ಜೇಬಿನ ನಾಣ್ಯಗಳನ್ನು ಎಸೆದರು. ಐದು ನಿಮಿಷದಲ್ಲಿ ಚದುರದಿದ್ದರೆ ಗುಂಡು ಹೊಡೆಸುತ್ತೇನೆ ಎಂದು ಹೇಳಿದ್ದು ಡೇವಿಸ್ ಅಂತ ಕೆಲವರು, ಲೆಚರ್ ಅಂತ ಕೆಲವರು ಬರೆದಿದ್ದಾರೆ. ಗುಂಡು ಹಾರಲಿಲ್ಲ, ಜನ ಚದುರಿದರು. ಸುದ್ದಿ ಹೊರಗೆ ಹೋಗದ ಹಾಗೆ ತಂತಿ ಕಚೇರಿಗೂ ಪತ್ರಿಕೆಗಳಿಗೂ ಸರ್ಕಾರ ಹೇಳಿತು. ಆದರೂ ಹೋಯಿತು.

ಮೂರು ದಿನ ಕಳೆದು ಈಸ್ಟರ್ ಭಾನುವಾರ. ಅಂದು ಮತ್ತೆ ಹಿಮ.

ಮಳೆ ಲೆಕ್ಕ

ಸರ್, ಓದಿಸಿಕೊಂಡು ಹೋಯಿತು. ನಾನು ತೀರ್ಥಹಳ್ಳಿ ಕಡೆ ತೋಟದಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದುಕೊಳ್ಳುವವನು, ಹಾಗಾಗಿ ಒಂದು ಪ್ರಶ್ನೆ. ಆ ಕಾಲದಲ್ಲಿ ಹವಾಮಾನ ಇಲಾಖೆಯೇ ಇರಲಿಲ್ಲವಲ್ಲ. ಇಂಥ ದಿನ ಹಿಮ, ಇಂಥ ದಿನ ಗುಡುಗು ಅಂತ ಇಷ್ಟು ಖಚಿತವಾಗಿ ಹೇಳುವುದಕ್ಕೆ ಆಧಾರ ಏನು? ಸೈನಿಕರು ಮನೆಗೆ ಬರೆದ ಕಾಗದದಲ್ಲಿ "ವಿಪರೀತ ಮಳೆ" ಅಂತ ಇದ್ದರೆ ಅದನ್ನು ನಾನು ಅಳತೆ ಅಂತ ಒಪ್ಪುವುದಿಲ್ಲ. ನೆನೆದವನಿಗೆ ಎಲ್ಲ ಮಳೆಯೂ ವಿಪರೀತವೇ.

ಜೇಮ್ಸ್ ದಂಡೆ

ಒಳ್ಳೆಯ ಪ್ರಶ್ನೆ ಸರ್. ಅಮೆರಿಕದಲ್ಲಿ ಸರ್ಕಾರಿ ಹವಾಮಾನ ಸೇವೆ ಶುರುವಾಗಿದ್ದು 1870ರಲ್ಲಿ, ಅದೂ ಸೈನ್ಯದ ಸಿಗ್ನಲ್ ವಿಭಾಗದ ಕೈಕೆಳಗೆ. ನಮ್ಮಲ್ಲಿ ಇಲಾಖೆ ಬಂದಿದ್ದು 1875ರಲ್ಲಿ. ಆದರೆ ಯುದ್ಧಕ್ಕೆ ಮೊದಲೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ, ಜೋಸೆಫ್ ಹೆನ್ರಿ ಮುಂದಾಳತ್ವದಲ್ಲಿ, ದೇಶದ ತುಂಬ ನಿಮ್ಮಂಥವರ ಒಂದು ಬಳಗ ಕಟ್ಟಿತ್ತು. ಮೇಷ್ಟ್ರು, ವೈದ್ಯರು, ಪಾದ್ರಿಗಳು, ರೈತರು. ಯಾರಿಗೂ ಸಂಬಳ ಇಲ್ಲ. ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 9 ಗಂಟೆಗೆ ಉಷ್ಣತೆ, ಗಾಳಿ, ಮೋಡ, ಮಳೆ ಬರೆದು ತಿಂಗಳಿಗೊಮ್ಮೆ ಕಳಿಸಬೇಕು. 1861ರಲ್ಲಿ ಯುದ್ಧ ಶುರುವಾದಾಗ ದಕ್ಷಿಣದ ಕಾಗದಗಳು ಬರುವುದು ನಿಂತಿತು. ಗಡಿಯ ಆ ಕಡೆ, ವಾಷಿಂಗ್ಟನ್ ಪಕ್ಕದ ಜಾರ್ಜ್‌ಟೌನಿನ ಲೆಕ್ಕ ಮಾತ್ರ ಯುದ್ಧದುದ್ದಕ್ಕೂ ಸಿಗುತ್ತದೆ. ರಿಚ್ಮಂಡಿನಿಂದ ಅದು 160 ಕಿಲೋಮೀಟರ್ ದೂರ, ಬೆಟ್ಟ ಅಡ್ಡ ಇಲ್ಲ. ದೊಡ್ಡ ಮಳೆ, ದೊಡ್ಡ ಚಳಿಗೆ ತಾಳೆ ನೋಡಬಹುದು.

ರಿಚ್ಮಂಡಿನ ಒಳಗೆ ಒಬ್ಬ ಇದ್ದ. ಜಾನ್ ಬಿ. ಜೋನ್ಸ್ ಅಂತ, ಯುದ್ಧ ಇಲಾಖೆಯಲ್ಲಿ ಗುಮಾಸ್ತ. ಹೆಚ್ಚುಕಡಿಮೆ ಪ್ರತಿ ದಿನ ದಿನಚರಿ ಬರೆದ, 1866ರಲ್ಲಿ ಅದು ಅಚ್ಚಾಯಿತು. ಮೋಡ ಇತ್ತೋ ಬಿಸಿಲಿತ್ತೋ ಅಂತ ಶುರು, ನಡುವೆ ಯುದ್ಧದ ಸುದ್ದಿ, ಆಮೇಲೆ ಸಂತೆಯ ಬೆಲೆ. ಮಳೆಗೂ ಬೆಲೆಗೂ ಇರುವ ನಂಟು ಅವನ ದಿನಚರಿ ಓದಿದರೆ ತಾನಾಗಿ ಕಾಣುತ್ತದೆ. 1863ರ ಮಾರ್ಚ್ 30ಕ್ಕೆ ಬೆಣ್ಣೆ ಪೌಂಡಿಗೆ ಮೂರೂವರೆ ಡಾಲರ್, ಮಾಂಸ ಸಂತೆಯಲ್ಲಿ ಕಾಣುವುದೇ ಇಲ್ಲ, ನಾನು ಹಿತ್ತಲು ಅಗೆದು ತರಕಾರಿ ಹಾಕುತ್ತಿದ್ದೇನೆ ಅಂತ ಬರೆದಿದ್ದಾನೆ. ಗಲಭೆಗೆ ಮೂರು ದಿನ ಮೊದಲು. ಆ ಫೆಬ್ರವರಿಯಲ್ಲಿ ಅವನ ಕಿರಿ ಮಗಳು ಅಡಿಗೆಮನೆಯಲ್ಲಿದ್ದಾಗ ಒಂದು ಇಲಿಮರಿ ಬಿಲದಿಂದ ಬಂದು, ಅವಳ ಕೈಯಿಂದಲೇ ಬ್ರೆಡ್ಡಿನ ಚೂರು ತಿಂದಿತಂತೆ. ಇಲಿಗೂ ಬೇರೆಲ್ಲೂ ಏನೂ ಸಿಗುತ್ತಿರಲಿಲ್ಲ.

ಕಾಗದದಲ್ಲಿ ಬರುವ ಮಳೆಯನ್ನು ಪೂರ್ತಿ ತಳ್ಳಿಹಾಕಬೇಡಿ ಸರ್. 1862ರ ಮೇ 30ರ ರಾತ್ರಿಯ ಗುಡುಗು ಮಳೆಯನ್ನು ಎರಡೂ ಕಡೆಯವರು ಬರೆದಿದ್ದಾರೆ. ಆಗ ಉತ್ತರದ ಸೈನ್ಯ ರಿಚ್ಮಂಡಿನ ಹೊಸಿಲಿಗೆ ಬಂದಿತ್ತು. ಚಿಕಹಾಮಿನಿ ಅನ್ನುವ ಚಿಕ್ಕ ಹೊಳೆ ಆ ಒಂದು ರಾತ್ರಿಗೆ ಉಕ್ಕಿ ಸೇತುವೆಗಳನ್ನು ಅಲ್ಲಾಡಿಸಿತು. ಈಚೆ ದಡದಲ್ಲಿದ್ದ ಸೈನ್ಯ ಒಂಟಿಯಾಯಿತು. ಮಾರನೇ ದಿನ ದಕ್ಷಿಣದವರು ನುಗ್ಗಿದರು, ಅದೇ ಸೆವೆನ್ ಪೈನ್ಸ್ ಕಾಳಗ. ಫಿರಂಗಿ ಸದ್ದು ಊರೊಳಗೆ ಕೇಳುತ್ತಿತ್ತು. ಗಾಯಾಳುಗಳು ಕೆಸರು ರಸ್ತೆಯಲ್ಲಿ ಗಾಡಿ ಗಾಡಿ ಬಂದರು, ಆಸ್ಪತ್ರೆ ತುಂಬಿ ಅಂಗಡಿ ಮಳಿಗೆಯ ನೆಲದ ಮೇಲೆ ಮಲಗಿಸಿದರು.

ಅಡಿಗೆಮನೆ ಸುದ್ದಿ

ಆ ಇಲಿಮರಿ ವಿಷಯ ಓದಿ ಒಂದು ಕ್ಷಣ ಸುಮ್ಮನಾದೆ. ನನಗೆ ಮನೆಖರ್ಚಿನ ಲೆಕ್ಕ ಬೇಕು. ಒಂದು ವಾರಕ್ಕೆ ಏನೇನು ತರುತ್ತಿದ್ದರು, ಎಷ್ಟು ಆಗುತ್ತಿತ್ತು? ಕಾಫಿ ಇಲ್ಲದೆ ಏನು ಮಾಡಿದರು? ಉಪ್ಪಿಗೆ ಏನು ಮಾಡಿದರು? ಬೆಲೆ ಏರಿತು ಅಂತ ಸುಮ್ನೆ ಹೇಳಿದರೆ ನನ್ನಂಥವಳಿಗೆ ಏನೂ ಕಾಣುವುದಿಲ್ಲ ಅಣ್ಣ.

ಜೇಮ್ಸ್ ದಂಡೆ

ನೀವು ಕೇಳಿದ ಲೆಕ್ಕವೇ ಇದೆ ಅಕ್ಕ. 1863ರ ಜನವರಿ ಕೊನೆಯಲ್ಲಿ ರಿಚ್ಮಂಡಿನ ಡಿಸ್ಪ್ಯಾಚ್ ಪತ್ರಿಕೆ ಒಂದು ಚಿಕ್ಕ ಸಂಸಾರದ ವಾರದ ಸಾಮಾನಿನ ಪಟ್ಟಿ ಹಾಕಿತ್ತು. 1860ರ ಬೆಲೆ ಒಂದು ಕಡೆ, ಈಗಿನ ಬೆಲೆ ಇನ್ನೊಂದು ಕಡೆ. ಹತ್ತು ಪೌಂಡ್ ಬೇಕನ್ ಒಂದೂಕಾಲು ಡಾಲರಿನಿಂದ 10 ಡಾಲರ್. ಮೂವತ್ತು ಪೌಂಡ್ ಹಿಟ್ಟು ಒಂದೂವರೆಯಿಂದ 3.75. ಐದು ಪೌಂಡ್ ಸಕ್ಕರೆ 40 ಸೆಂಟಿನಿಂದ 5.75. ನಾಲ್ಕು ಪೌಂಡ್ ಕಾಫಿ 50 ಸೆಂಟಿನಿಂದ 20 ಡಾಲರ್. ಅರ್ಧ ಪೌಂಡ್ ಟೀ 50 ಸೆಂಟಿನಿಂದ 8 ಡಾಲರ್. ಸೋಪು, ಮೇಣದ ಬತ್ತಿ, ಬೆಣ್ಣೆ, ಉಪ್ಪು ಮೆಣಸು ಎಲ್ಲ ಸೇರಿ ವಾರಕ್ಕೆ 6.55 ಡಾಲರ್ ಆಗುತ್ತಿದ್ದುದು 68.25 ಆಗಿತ್ತು. ಇದು ಗಲಭೆಗೂ ಮೊದಲು, ಮಾರ್ಚಿನ ಹಿಮಕ್ಕೂ ಮೊದಲು. 1865ರ ಶುರುವಿಗೆ ಒಂದು ಪೀಪಾಯಿ ಹಿಟ್ಟು ಸಾವಿರ ಡಾಲರ್ ದಾಟಿತ್ತು. ನೋಟು ಅಚ್ಚು ಹಾಕುತ್ತಾ ಹೋದರು, ಅದರ ಬೆಲೆ ಕರಗುತ್ತಾ ಹೋಯಿತು.

ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಹಿಟ್ಟಿನ ವಿಷಯಕ್ಕೆ. ಯುದ್ಧಕ್ಕೆ ಮುಂಚೆ ರಿಚ್ಮಂಡ್ ಅಂದರೆ ಹಿಟ್ಟಿನ ಊರು. ಗಾಲೆಗೋ, ಹಾಕ್ಸಾಲ್ ಅನ್ನುವ ದೊಡ್ಡ ಹಿಟ್ಟಿನ ಗಿರಣಿಗಳು ಜೇಮ್ಸ್ ನದಿಯ ನೀರಿನ ಬಲದಲ್ಲೇ ತಿರುಗುತ್ತಿದ್ದವು. ಇಲ್ಲಿಯ ಗೋಧಿ ಹಿಟ್ಟು ಹಡಗಿನಲ್ಲಿ ಬ್ರೆಜಿಲ್‌ಗೆ ಹೋಗುತ್ತಿತ್ತು, ಅದೇ ಹಡಗಿನಲ್ಲಿ ಕಾಫಿ ಬರುತ್ತಿತ್ತು. ಆ ಊರಿನ ಹೆಂಗಸರೇ ಹಿಟ್ಟಿಗಾಗಿ ಕೊಡಲಿ ಹಿಡಿದು ಬೀದಿಗೆ ಬಂದರು.

ಕಾಫಿಗೆ ರೈ ಹುರಿದು ಪುಡಿ ಮಾಡಿದರು, ಗೆಣಸು ಒಣಗಿಸಿ ಹುರಿದರು, ಓಕ್ ಮರದ ಕಾಯಿ ಹುರಿದರು. ಬೆಂಡೆಕಾಯಿ ಬೀಜ ಹುರಿದು ಮಾಡಿದ ಕಾಫಿಗೆ ಒಳ್ಳೆಯ ಹೆಸರಿತ್ತು. ಬೆಂಡೆ ಆ ನೆಲಕ್ಕೆ ಬಂದಿದ್ದು ಆಫ್ರಿಕಾದಿಂದ, ಗುಲಾಮರಾಗಿ ಬಂದ ಜನರ ಜೊತೆ. ಉಪ್ಪಿಗೆ ಇನ್ನೂ ಕಷ್ಟ. ಉಪ್ಪಿಲ್ಲದೆ ಮಾಂಸ ಕೆಡದ ಹಾಗೆ ಇಡುವ ಹಾಗಿಲ್ಲ. ದಕ್ಷಿಣದ ಹಳ್ಳಿಗಳಲ್ಲಿ ಮಾಂಸ ಹೊಗೆ ಹಾಕುವ ಕೊಟ್ಟಿಗೆಯ ನೆಲ ಅಗೆದು, ವರ್ಷಗಳಿಂದ ತೊಟ್ಟಿಕ್ಕಿದ್ದ ಉಪ್ಪಿನ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ಉಪ್ಪು ತೆಗೆದರು.

ಅನುಕೂಲಸ್ಥರ ಮನೆಗಳಲ್ಲಿ ಕೊನೆ ಎರಡು ಚಳಿಗಾಲ "ಸ್ಟಾರ್ವೇಷನ್ ಪಾರ್ಟಿ" ನಡೆಯುತ್ತಿದ್ದವು. ಸಂಗೀತ, ಕುಣಿತ ಎಲ್ಲ ಇತ್ತು. ಕುಡಿಯುವುದಕ್ಕೆ ನದಿ ನೀರು, ತಿನ್ನುವುದಕ್ಕೆ ಏನೂ ಇಲ್ಲ.

ಬೆಲೆ ಕಟ್ಟಿಹಾಕುವ ಪ್ರಯತ್ನವೂ ಆಗಿತ್ತು. 1862ರ ವಸಂತದಲ್ಲಿ ಊರಿನಲ್ಲಿ ಸೈನಿಕ ಕಾನೂನು ಜಾರಿ ಇದ್ದಾಗ ಜನರಲ್ ಜಾನ್ ವಿಂಡರ್ ಬೆಣ್ಣೆ, ಮೊಟ್ಟೆ, ಮೀನಿಗೆ ಇಷ್ಟೇ ಅಂತ ಬೆಲೆ ಗೊತ್ತು ಮಾಡಿದರು. ಮಾರುವವರು ಬರುವುದನ್ನೇ ಬಿಟ್ಟರು. ಕೆಲವೇ ವಾರದಲ್ಲಿ ಆ ಆಜ್ಞೆ ಬಿದ್ದುಹೋಯಿತು.

ಹೊಸ ಓದುಗ

ಎಲ್ಲ ಸರಿ ಸರ್, ಆದರೆ ನನಗೆ ಒಂದು ಕಸಿವಿಸಿ. ಇದು ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕೆ ಇಳಿದವರ ರಾಜಧಾನಿ. ಅವರಿಗೆ ಕಾಫಿ ಸಿಗಲಿಲ್ಲ, ಸಕ್ಕರೆ ಸಿಗಲಿಲ್ಲ ಅಂತ ನಾವು ಕನ್ನಡದಲ್ಲಿ ಕೂತು ಮರುಗಬೇಕಾ? ಆ ಊರಿನಲ್ಲಿ ಮಾರಾಟವಾದ ಜನ ಏನು ತಿಂದರು, ಆ ಹಿಮದಲ್ಲಿ ಅವರು ಎಲ್ಲಿದ್ದರು? ದಿನಚರಿ ಬರೆದ ಗುಮಾಸ್ತನ ಹಿತ್ತಲು ಗೊತ್ತಾಯಿತು. ಉಳಿದವರ ಕಥೆ ಎಲ್ಲಿ?

ಜೇಮ್ಸ್ ದಂಡೆ

ಮರುಗಬೇಕಾದ್ದು ಯಾರಿಗೆ ಅನ್ನುವುದೇ ಇಲ್ಲಿ ಮುಖ್ಯ. ಕೇಳಿದ್ದು ಒಳ್ಳೆಯದಾಯಿತು.

ರಿಚ್ಮಂಡಿನ ಶಾಕೊ ಬಾಟಮ್, ಈಗ ಹೋಟೆಲು, ಅಪಾರ್ಟ್‌ಮೆಂಟು ಇರುವ ತಗ್ಗು ಜಾಗ, ಮನುಷ್ಯರನ್ನು ಹರಾಜು ಹಾಕುವ ಪೇಟೆ ಆಗಿತ್ತು. ನ್ಯೂ ಆರ್ಲಿಯನ್ಸ್ ಬಿಟ್ಟರೆ ದೇಶದಲ್ಲೇ ದೊಡ್ಡದು. ತಗ್ಗಾದ್ದರಿಂದ ಊರಿನ ಮಳೆನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಆ ತೇವದ ತಗ್ಗಿನಲ್ಲೇ ಲಂಪ್ಕಿನ್ ಎಂಬ ವ್ಯಾಪಾರಿಯ ಖಾಸಗಿ ಜೈಲು, ಮಾರಾಟದ ತನಕ ಜನರನ್ನು ಕೂಡಿಹಾಕುವುದಕ್ಕೆ. ಯುದ್ಧದ ವರ್ಷಗಳಲ್ಲೂ ಮಾರಾಟ ನಡೆಯಿತು.

ಚಳಿಗೂ ಗುಲಾಮಗಿರಿಗೂ ಇನ್ನೊಂದು ನಂಟಿತ್ತು. ಹೊಸ ವರ್ಷದ ಮೊದಲ ದಿನಗಳು ಬಾಡಿಗೆಯ ದಿನ. ಮಾಲೀಕರು ತಮ್ಮ ಗುಲಾಮರನ್ನು ವರ್ಷದ ಲೆಕ್ಕದಲ್ಲಿ ತಂಬಾಕು ಕಾರ್ಖಾನೆಗೋ, ಟ್ರೆಡಿಗರ್ ಕಬ್ಬಿಣದ ಕಾರ್ಖಾನೆಗೋ, ಕಾಲುವೆ ಕೆಲಸಕ್ಕೋ ಬಾಡಿಗೆಗೆ ಕೊಡುತ್ತಿದ್ದರು. ಜನವರಿಯ ಚಳಿಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹಾಗೆ ಬಂದವರಲ್ಲಿ ಅನೇಕರಿಗೆ ಊಟದ ಬದಲು ಒಂದಿಷ್ಟು ಕಾಸು ಕೊಡುತ್ತಿದ್ದರು, ನೀನೇ ಊಟ ವಸತಿ ನೋಡಿಕೋ ಅಂತ. ಅಕ್ಕ ಕೇಳಿದ ಆ ಪಟ್ಟಿಯ ಬೆಲೆಯಲ್ಲಿ ಅವರು ಏನು ಕೊಂಡು ತಿಂದಿರಬೇಕು ಯೋಚಿಸಿ. ಅವರ ದಿನಚರಿ ನಮ್ಮ ಕೈಯಲ್ಲಿಲ್ಲ. ಓದು ಬರಹ ಕಲಿಯದ ಹಾಗೆ ವರ್ಜೀನಿಯಾದ ಕಾನೂನೇ ತಡೆದಿತ್ತು. ಗುಮಾಸ್ತ ಬರೆದ, ಹಾಗಾಗಿ ಗುಮಾಸ್ತನ ಹಿತ್ತಲು ಉಳಿಯಿತು.

ಊರಿನ ಸುತ್ತ ಮಣ್ಣಿನ ಕೋಟೆ, ಕಂದಕ ಎಲ್ಲ ತೋಡಿದ್ದರಲ್ಲಿ ದೊಡ್ಡ ಪಾಲು ಈ ಜನರದು. ಜೇಡಿ ಮಣ್ಣು ಒದ್ದೆಯಾದರೆ ಸನಿಕೆಗೆ ಅಂಟುತ್ತದೆ, ಒಣಗಿದರೆ ಕಲ್ಲು. ಅದನ್ನು ಮಳೆಯಲ್ಲೂ ಬಿಸಿಲಲ್ಲೂ ಅಗೆದರು. ಹೊತ್ತವರಿಗೆ ತಮ್ಮನ್ನೇ ಕಟ್ಟಿಹಾಕುವ ಗೋಡೆ ಅದು.

1864ರ ಮಾರ್ಚ್ ಮೊದಲ ದಿನಗಳಲ್ಲಿ ಉತ್ತರದ ಕರ್ನಲ್ ಅಲ್ರಿಕ್ ಡಾಲ್ಗ್ರೆನ್ ಊರಿನ ಮೇಲೆ ದಾಳಿಗೆ ಬಂದ. ದಾರಿ ತೋರಿಸಿದವನು ಮಾರ್ಟಿನ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯ. ಜೇಮ್ಸ್ ನದಿಯ ಒಂದು ಕಡವಿನಲ್ಲಿ ದಾಟಿಸುತ್ತೇನೆ ಅಂದಿದ್ದ. ಮಳೆಗೆ ನದಿ ಉಕ್ಕಿ ಹರಿಯುತ್ತಿತ್ತು, ದಾಟಲು ಆಗಲಿಲ್ಲ. ಮೋಸ ಮಾಡಿದೆ ಅಂತ ಡಾಲ್ಗ್ರೆನ್ ಅವನನ್ನು ಅಲ್ಲೇ ಮರಕ್ಕೆ ನೇಣು ಹಾಕಿಸಿದ. ಬಿಡುಗಡೆಯ ಕಡೆಯವರೆಂದು ನಂಬಿ ಬಂದವನ ಪ್ರಾಣ ಹೋಯಿತು. ಇದನ್ನು ಓದಿದಾಗ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ.

ಇನ್ನು ಬೆಲ್ ಐಲ್. ನದಿಯ ನಡುವಿನ ದ್ವೀಪ, ಉತ್ತರದ ಸೈನಿಕ ಕೈದಿಗಳನ್ನು ಇಟ್ಟ ಜಾಗ. ಮಲಗುವುದಕ್ಕೆ ಕಟ್ಟಡ ಇಲ್ಲ, ಬರೀ ಹರಕು ಡೇರೆ, ಎಷ್ಟೋ ಜನಕ್ಕೆ ಅದೂ ಇಲ್ಲ. 1863ರ ಕೊನೆಯ ಚಳಿಗಾಲದಲ್ಲಿ ಸಾವಿರಾರು ಮಂದಿ ನದಿ ಗಾಳಿಗೆ ಮೈಯೊಡ್ಡಿ ಮಲಗಿದರು. ಮಣ್ಣು ಕೆದಕಿ ಗುಂಡಿ ಮಾಡಿ ಒಬ್ಬರಿಗೊಬ್ಬರು ಅಂಟಿಕೊಂಡು ರಾತ್ರಿ ಕಳೆದರು. ಬೆಳಿಗ್ಗೆ ಏಳದವರಿದ್ದರು. 1864ರ ಫೆಬ್ರವರಿಯಿಂದ ಅವರನ್ನು ಜಾರ್ಜಿಯಾದ ಆಂಡರ್ಸನ್‌ವಿಲ್‌ಗೆ ಸಾಗಿಸಿದರು, ಅಲ್ಲಿ ಇನ್ನೂ ಘೋರ.

ಗಲಭೆಯಾದ ಮೇಲೆ ರಿಚ್ಮಂಡ್ ನಗರಸಭೆ ಬಡವರಿಗೆ ಚೀಟಿ ಕೊಟ್ಟು ಹಿಟ್ಟು, ಸೌದೆ ಹಂಚುವ ವ್ಯವಸ್ಥೆ ಮಾಡಿತು. ಅಲ್ಲೂ ಯೋಗ್ಯ ಬಡವರು, ಅಯೋಗ್ಯ ಬಡವರು ಅಂತ ಗೆರೆ. ಬೀದಿಗೆ ಇಳಿದವರಿಗೆ ಇಲ್ಲ.

ಗದಗ ಕಡೆಯವ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಕಡೆ ಇದರ ಇನ್ನೊಂದು ತುದಿ ಇದೆ ಸರ್, ಹೇಳಲೇಬೇಕು.

ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದ್ದು. ಲಿಂಕನ್ ಬಂದರುಗಳನ್ನು ಮುಚ್ಚಿಸಿದಾಗ ಲಂಕಾಶೈರ್ ಗಿರಣಿ ನಿಂತವು. ವ್ಯಾಪಾರಿಗಳ ಕಣ್ಣು ನಮ್ಮ ಎರೆ ಭೂಮಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಸಿದ್ದರು. ದೇಶದಲ್ಲಿ ಎಷ್ಟೋ ಕಡೆ ಪ್ರಯತ್ನ ಮಾಡಿ ಸೋತ ಬೀಜ ಇಲ್ಲಿ ಹಿಡಿಯಿತು. "ಧಾರವಾಡ ಅಮೆರಿಕನ್" ಅಂತಲೇ ಲಿವರ್‌ಪೂಲ್ ಪೇಟೆಯಲ್ಲಿ ಹೆಸರು. ಹುಬ್ಬಳ್ಳಿ, ಗದಗ ಕಡೆ ಆ ನಾಲ್ಕು ವರ್ಷ ಹತ್ತಿಗೆ ಬಂದ ಬೆಲೆ ಹಿಂದೆ ಎಂದೂ ಕಂಡಿರಲಿಲ್ಲ.

ಹತ್ತಿ ಸಾಗಿಸುವ ಕಷ್ಟ ಮಾತ್ರ ನೀವು ಹೇಳಿದ್ದೇ. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕರಾವಳಿಗೆ ಹೋಗಬೇಕು. ಮಳೆಗಾಲದಲ್ಲಿ ಘಟ್ಟದ ದಾರಿಯೂ ಇಲ್ಲ, ಸಮುದ್ರದಲ್ಲಿ ದೋಣಿಯೂ ಇಲ್ಲ. ಕಾರವಾರ ಬಂದರಿನ ಮೂಲಕ ಈ ಹತ್ತಿ ಸಾಗಲಿ ಅಂತಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದಿದ್ದೇ ತಡ, ಮುಂಬಯಿಯಲ್ಲಿ ಹತ್ತಿಯ ಬೆಲೆ ಬಿತ್ತು, ಷೇರು ಬಿದ್ದವು, ಬ್ಯಾಂಕು ಮುಳುಗಿದವು. ಸಾಲ ಮಾಡಿ ಹತ್ತಿ ಹಾಕಿದ ರೈತನ ಹೊಲದ ಗತಿ ನೀವೇ ಊಹಿಸಿ. ಅಲ್ಲಿ ಶಾಂತಿ ಆಯಿತು ಅಂತ ಇಲ್ಲಿ ಅಳುವ ಹಾಗಾಯಿತು. ರಿಚ್ಮಂಡಿನ ಸಂತೆಗೂ ನಮ್ಮ ಊರಿನ ಸಂತೆಗೂ ನಡುವೆ ಎರಡು ಸಮುದ್ರ ಇದ್ದರೂ ದಾರ ಒಂದೇ ಇತ್ತು.

ಮಳೆ ಲೆಕ್ಕ

ಇದನ್ನು ಓದಿ ಖುಷಿ ಆಯಿತು. ಕಾರವಾರದ ವಿಷಯ ಗೊತ್ತಿತ್ತು, ಅದರ ಹಿಂದೆ ಅಮೆರಿಕದ ಯುದ್ಧ ಇದೆ ಅಂತ ಯೋಚಿಸಿರಲಿಲ್ಲ.

ಜೇಮ್ಸ್ ದಂಡೆಯವರೇ, ಹಿಮ ಮಳೆ ಆಯಿತು. ಬರ ಏನಾದರೂ ಬಂದಿತ್ತಾ? ಮತ್ತೆ ಊರು ಬಿದ್ದ ದಿನ ಹವೆ ಹೇಗಿತ್ತು?

ಜೇಮ್ಸ್ ದಂಡೆ

ಗದಗದವರಿಗೆ ದೊಡ್ಡ ನಮಸ್ಕಾರ. ಇದು ಇಲ್ಲದೆ ಚರ್ಚೆ ಅರ್ಧ ಆಗುತ್ತಿತ್ತು.

ಬರ ಬಂದಿತ್ತು ಸರ್, 1864ರ ಬೇಸಿಗೆಯಲ್ಲಿ. ರಿಚ್ಮಂಡಿನ ದಕ್ಷಿಣಕ್ಕೆ 40 ಕಿಲೋಮೀಟರ್ ದೂರದ ಪೀಟರ್ಸ್‌ಬರ್ಗ್‌ಗೆ ಗ್ರಾಂಟ್ ಮುತ್ತಿಗೆ ಹಾಕಿದ್ದ. ಜೂನ್ ಮೊದಲ ವಾರದಿಂದ ಜುಲೈ 19ರ ತನಕ ಅಲ್ಲಿ ಹೇಳಿಕೊಳ್ಳುವ ಮಳೆ ಬೀಳಲಿಲ್ಲ. ಇಲ್ಲಿನ ಜುಲೈ ಅಂದರೆ 32 ಡಿಗ್ರಿ ಮಾಮೂಲು, ಮಂಗಳೂರಿನ ಹಾಗೆ ಬೆವರು. ಸೈನ್ಯ ನಡೆದರೆ ಧೂಳಿನ ಮೋಡ ಮೈಲಿಗಟ್ಟಲೆ ಕಾಣುತ್ತಿತ್ತು. ರಿಚ್ಮಂಡಿನ ಹಿತ್ತಲ ತೋಟಗಳು ಒಣಗಿದವು. ಗುಮಾಸ್ತ ಜೋನ್ಸ್ ತನ್ನ ಟೊಮೇಟೊ, ಎಲೆಕೋಸಿನ ಬಗ್ಗೆ ಬರೆಯುವ ಸಾಲುಗಳಲ್ಲಿ ಆತಂಕ ಕಾಣುತ್ತದೆ. ಸಂತೆಯಲ್ಲಿ ಕೊಳ್ಳಲಾಗದವನಿಗೆ ಆ ನಾಲ್ಕು ಪಾತಿಯೇ ಊಟ.

ಆಮೇಲೆ 1865ರ ಜನವರಿಯಲ್ಲಿ ತಿರುಗಾ ಮುರುಗಾ. ಭಾರಿ ಮಳೆಗೆ ನೆರೆ ಬಂದು ದಕ್ಷಿಣದಿಂದ ಬರುವ ರೈಲು ದಾರಿ, ಡ್ಯಾನ್ವಿಲ್‌ನಿಂದ ಕೆಳಗಿನದು, ಕೊಚ್ಚಿಹೋಯಿತು. ಆ ಹೊತ್ತಿಗೆ ಊರಿಗೂ ಸೈನ್ಯಕ್ಕೂ ಆಹಾರ ಬರುತ್ತಿದ್ದ ಮುಖ್ಯ ದಾರಿಯೇ ಅದು. ಲೀ ತನ್ನ ಸೈನ್ಯಕ್ಕೆ ಎರಡೇ ದಿನದ ರೇಷನ್ ಉಳಿದಿದೆ ಅಂತ ಬರೆದ. ಸೈನ್ಯಕ್ಕೇ ಹಾಗಿದ್ದರೆ ಒರೆಗಾನ್ ಹಿಲ್ಲಿನ ಮನೆಗಳಿಗೆ ಏನು ಉಳಿಯುತ್ತದೆ?

ಸರ್ಕಾರ ಊರು ಬಿಟ್ಟಿದ್ದು 1865ರ ಏಪ್ರಿಲ್ 2ಕ್ಕೆ. ಗಲಭೆಯಾಗಿ ಸರಿಯಾಗಿ ಎರಡು ವರ್ಷ. ಭಾನುವಾರ, ತಿಳಿಯಾದ ವಸಂತದ ಬೆಳಗು. ಸೇಂಟ್ ಪಾಲ್ಸ್ ಚರ್ಚಿನಲ್ಲಿ ಕೂತಿದ್ದ ಡೇವಿಸ್‌ಗೆ ಲೀ ಕಳಿಸಿದ ತಂತಿ ಬಂತು, ಎದ್ದು ಹೋದರು. ರಾತ್ರಿ ಸರ್ಕಾರ ರೈಲು ಹತ್ತಿತು. ಹೊರಡುವ ಸೈನ್ಯ ತಂಬಾಕು ಮಳಿಗೆಗಳಿಗೆ ಬೆಂಕಿ ಹಚ್ಚಿತು, ಶತ್ರುವಿಗೆ ಸಿಗಬಾರದು ಅಂತ. ದಕ್ಷಿಣದಿಂದ ಗಾಳಿ ಎದ್ದು ಬೆಂಕಿಯನ್ನು ಊರೊಳಗೆ ತಂದಿತು. ಶಸ್ತ್ರಾಗಾರದ ಗುಂಡುಗಳು ಬೆಳಗಿನ ತನಕ ಸಿಡಿದವು. ವ್ಯಾಪಾರದ ಬೀದಿಗಳಲ್ಲಿ ಬಹುಪಾಲು ಬೂದಿ. ಗಾಲೆಗೋ ಹಿಟ್ಟಿನ ಗಿರಣಿಯೂ ಸುಟ್ಟಿತು. ಅದೇ ರಾತ್ರಿ ಸೈನ್ಯದ ಉಗ್ರಾಣ ಒಡೆದಾಗ ಬೇಕನ್, ಹಿಟ್ಟು, ಕಾಫಿ ಒಳಗೆ ಇದ್ದದ್ದು ಜನರ ಕಣ್ಣಿಗೆ ಬಿತ್ತು. ಹಸಿದ ಊರಿನ ನಡುವೆ ಬೀಗ ಹಾಕಿ ಇಟ್ಟಿದ್ದರು. ಇದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ.

3ರ ಬೆಳಿಗ್ಗೆ ಬಂದ ಉತ್ತರದ ಸೈನ್ಯದ ಮೊದಲ ಸಾಲುಗಳಲ್ಲೇ ಕಪ್ಪು ಸೈನಿಕರಿದ್ದರು. ಬೆಂಕಿ ಆರಿಸಿದ್ದು ಅವರೆಲ್ಲ ಸೇರಿ. 4ಕ್ಕೆ ಲಿಂಕನ್ ಮಗ ಟ್ಯಾಡ್‌ನ ಕೈ ಹಿಡಿದು ನದಿ ದಡದಿಂದ ನಡೆದು ಬಂದಾಗ ಸುತ್ತ ಸೇರಿದವರು ಹಿಂದಿನ ವಾರದ ತನಕ ಗುಲಾಮರಾಗಿದ್ದ ಜನ. ಹೊಸ ಓದುಗರು ಕೇಳಿದ ಕಥೆಗೆ ಆ ದಿನ ಬೀದಿ ಸಿಕ್ಕಿತು. ಮುಂದಿನ ವಾರಗಳಲ್ಲಿ ಉತ್ತರದ ಸೈನ್ಯ ಊರಿನ ಬಡವರಿಗೆ, ಕಪ್ಪು ಬಿಳಿ ಎರಡೂ ಕಡೆಯವರಿಗೆ, ರೇಷನ್ ಹಂಚಿತು.

ಅಡಿಗೆಮನೆ ಸುದ್ದಿ

ಉಗ್ರಾಣದ ವಿಷಯ ಓದಿ ಹೊಟ್ಟೆ ಉರಿಯಿತು ಅಣ್ಣ. ಅಕ್ಟೋಬರಿನಲ್ಲಿ ಮಗಳ ಮನೆಗೆ ವರ್ಜೀನಿಯಾಕ್ಕೆ ಬರುತ್ತಿದ್ದೇವೆ. ಒಂದು ದಿನ ಸಿಕ್ಕರೆ ಏನು ನೋಡಬೇಕು?

ಜೇಮ್ಸ್ ದಂಡೆ

ಅಕ್ಟೋಬರ್ ಬಹಳ ಒಳ್ಳೆಯ ಕಾಲ ಅಕ್ಕ, ಸೆಕೆ ಇಳಿದಿರುತ್ತದೆ, ಎಲೆ ಬಣ್ಣ ತಿರುಗುತ್ತಿರುತ್ತದೆ. ಬೆಳಿಗ್ಗೆ ಬೆಲ್ ಐಲ್‌ಗೆ ಹೋಗಿ. ಲೀ ಸೇತುವೆಯ ಕೆಳಗೆ ತೂಗುಹಾಕಿದ ಕಾಲುದಾರಿಯಿಂದ ದ್ವೀಪಕ್ಕೆ ನಡೆಯಬಹುದು, ವಯಸ್ಸಾದವರಿಗೂ ಕಷ್ಟ ಇಲ್ಲ. ಹತ್ತಿರದಲ್ಲೇ ಟ್ರೆಡಿಗರ್ ಕಾರ್ಖಾನೆಯ ಗೋಡೆಗಳು ಮತ್ತು ಬ್ರೌನ್ಸ್ ಐಲೆಂಡ್. ಅಲ್ಲಿಂದ ಶಾಕೊ ಬಾಟಮ್ಮಿನಲ್ಲಿ ಲಂಪ್ಕಿನ್ ಜೈಲಿದ್ದ ಜಾಗಕ್ಕೆ ಹೋಗಿ, ಅವಸರ ಮಾಡಬೇಡಿ.

ಮಧ್ಯಾಹ್ನ ಚಿಂಬೊರಾಜೊ ಗುಡ್ಡ. ಗಾಳಿ ಬೆಳಕು ಚೆನ್ನಾಗಿದೆ ಅಂತ ಯುದ್ಧದಲ್ಲಿ ಅಲ್ಲೇ ದೊಡ್ಡ ಆಸ್ಪತ್ರೆ ಕಟ್ಟಿದ್ದರು, ನಾಲ್ಕು ವರ್ಷದಲ್ಲಿ 75,000ದಷ್ಟು ರೋಗಿಗಳು ಬಂದುಹೋದರು. ಹಳೆಯ ವಾರ್ಡುಗಳು ಈಗಿಲ್ಲ. ಗುಡ್ಡದ ಮೇಲಿನ ವಸ್ತುಸಂಗ್ರಹಾಲಯದ ಕಟ್ಟಡ 1909ರಲ್ಲಿ ಹವಾಮಾನ ಇಲಾಖೆಯ ಕಚೇರಿಗೆ ಅಂತ ಕಟ್ಟಿದ್ದು, ಇದನ್ನು ಮಳೆ ಲೆಕ್ಕದ ಸರ್‌ಗಾಗಿ ಹೇಳುತ್ತಿದ್ದೇನೆ. ಹೊರಡುವ ಮೊದಲು ಅದು ಯಾವ ದಿನ ತೆರೆದಿರುತ್ತದೆ ಅಂತ ನೋಡಿಕೊಳ್ಳಿ. ಬರುವ ವಾರ ಗೊತ್ತಾದ ಮೇಲೆ ಇಲ್ಲೇ ತಿಳಿಸಿ, ನಾನೂ ಮನೆಯವರೂ ಜೊತೆಗೆ ಬರುತ್ತೇವೆ. ಊಟ ನಮ್ಮ ಮನೆಯಲ್ಲೇ.